ಟ್ಯಾಂಕ್ ಕಿತ್ತ ಮೇಲಿನ ಕೆಲಸ

ಪೆಟ್ರೋಲ್ ಪಂಪಿನ ನೆಲದಡಿಯ ಟ್ಯಾಂಕ್ ಸೋರಿತು. ಟ್ಯಾಂಕ್ ಕಿತ್ತರು, ವಾಸನೆ ಹಿಡಿದ ಮಣ್ಣನ್ನು ಲಾರಿಯಲ್ಲಿ ಸಾಗಿಸಿದರು, ಗುಂಡಿಗೆ ಗರಸು ತುಂಬಿ ರೋಲರ್ ಹಾಯಿಸಿದರು. ನೋಡುವವರ ಕಣ್ಣಿಗೆ ಕೆಲಸ ಮುಗಿಯಿತು. ಆದರೆ ಆ ಜಾಗದ ಕಡತ ಮುಚ್ಚಬಹುದೇ ಎಂಬುದನ್ನು ಹೇಳಬೇಕಾದದ್ದು ಸುತ್ತಲಿನ ನೀರು.

ನಮ್ಮ ಪೆಟ್ರೋಲಿನಲ್ಲಿ ಬೆಂಜೀನ್ ಎಂಬ ಕ್ಯಾನ್ಸರ್‌ಕಾರಕ ರಾಸಾಯನಿಕ ಶೇ 1ರವರೆಗೆ ಇರಬಹುದು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಲೆಕ್ಕ ಹಾಕಿ ನೋಡಿ: ಅಂಥ ಒಂದು ಲೀಟರ್ ಪೆಟ್ರೋಲಿನಲ್ಲಿರುವ ಬೆಂಜೀನ್ 8 ಲಕ್ಷ ಲೀಟರಿಗೂ ಹೆಚ್ಚು ನೀರನ್ನು ಆ ಮಿತಿಗೆ ಮುಟ್ಟಿಸಬಲ್ಲದು. ಹಾಗೆಂದು ಕೊನೆಯ ಹನಿಯವರೆಗೂ ತೆಗೆಯಲು ಯಾರಿಂದಲೂ ಆಗದು. ಎಷ್ಟು ಉಳಿದರೆ ತೊಂದರೆಯಿಲ್ಲ, ಅದನ್ನು ಯಾರು ಹೇಳಬೇಕು? ಮುಚ್ಚುವ ಪ್ರಶ್ನೆಯೆಂದರೆ ಇದೇ.

ಈ ಪ್ರಶ್ನೆಯನ್ನು ಹೆಚ್ಚು ಎದುರಿಸಿದ್ದು ಅಮೆರಿಕ. 1984ರಲ್ಲಿ ಅಲ್ಲಿ ನೆಲದಡಿಯ ಟ್ಯಾಂಕುಗಳಿಗೆ ಕಾನೂನು ಬಂದ ಮೇಲೆ ಪತ್ತೆಯಾದ ಸೋರಿಕೆಗಳು 5 ಲಕ್ಷಕ್ಕೂ ಹೆಚ್ಚು. 1995ರಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದವರು ಇಂಥ ಜಾಗಗಳ ದಾಖಲೆ ಜಾಲಾಡಿದಾಗ, ಬೆಂಜೀನ್ ಬಹುತೇಕ ಕಡೆ ಕೆಲವು ನೂರು ಅಡಿಗಳೊಳಗೇ ನಿಂತಿತ್ತು. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ತಿಂದು ತೇಗುತ್ತವೆ. ಈ ಬಗೆಯ ಅನುಭವದ ಮೇಲೆ ಆ ರಾಜ್ಯ 2012ರಲ್ಲಿ ಒಂದು ನೀತಿ ತಂದಿತು. ತೇಲುವ ಇಂಧನ ತೆಗೆದಿರಬೇಕು, ಕಲುಷಿತ ನೀರಿನ ಹರಹು 100 ಅಡಿಗಿಂತ ಕಡಿಮೆಯಿದ್ದು ಬೆಳೆಯುತ್ತಿರಬಾರದು, ಅದರ ಅಂಚಿನಿಂದ 250 ಅಡಿಯೊಳಗೆ ನೀರಿನ ಬಾವಿಯಾಗಲಿ ಹಳ್ಳ ಕೆರೆಯಾಗಲಿ ಇರಬಾರದು. ಮುಚ್ಚಲು ಇರುವ ದಾರಿಗಳಲ್ಲಿ ಇದು ಒಂದು.

ಇದನ್ನೇ ತಂದು ಬೆಳಗಾವಿ ಜಿಲ್ಲೆಯ ಅರಭಾವಿಗೆ ಅಂಟಿಸಬಹುದೇ? ಈ ಊರಲ್ಲಿ ಸೋರಿಕೆಯಾಗಿದೆ ಎಂದು ನಾನು ಹೇಳುತ್ತಿಲ್ಲ. ನೆಲದ ಗುಣ ನೋಡಲೆಂದು ಹೆಸರೆತ್ತಿದ್ದೇನೆ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಎರೆ ನೆಲ ವಿಪುಲ, ಕೆಳಗೆ ಗಟ್ಟಿ ಬಂಡೆ: ಕಪ್ಪು ಬಸಾಲ್ಟ್, ಇಲ್ಲವೇ ಗೋಕಾಕ ಜಲಪಾತದಲ್ಲಿ ಕಾಣುವ ಮರಳುಗಲ್ಲು. ಮರಳು ನೆಲದಲ್ಲಿ ನೀರು ಎಲ್ಲ ಕಡೆ ಸಮನಾಗಿ ಜಿನುಗಿದರೆ ಬಂಡೆಯಲ್ಲಿ ಅದು ಬಿರುಕು ಹಿಡಿದು ಹೋಗುತ್ತದೆ. ಟ್ಯಾಂಕಿನ ಪಕ್ಕದ ಬೋರಿನಲ್ಲಿ ಏನೂ ಸಿಗದೆ, ಎರಡು ಹೊಲದಾಚೆಯ ಬೋರಿನಲ್ಲಿ ವಾಸನೆ ಬರುವುದು ಇಂಥ ಕಡೆ ಸಾಧ್ಯ. ಮೇಲಾಗಿ ಬಾವಿ ಬೋರುಗಳು ಒತ್ತೊತ್ತಾಗಿರುವ ಕಡೆ 250 ಅಡಿ ಬಿಡುವು ಎಲ್ಲಿಂದ ತರುವುದು? ಪಂಪ್‌ಸೆಟ್ ಚಾಲೂ ಆದರೆ ನೀರಿನ ದಿಕ್ಕೇ ಬದಲಾಗುತ್ತದೆ.

ಇನ್ನೊಂದು ತೊಡಕು ಕಾಲುವೆಯದು. ಧೂಪದಾಳದಿಂದ ಹೊರಡುವ ಘಟಪ್ರಭಾ ಎಡದಂಡೆ ಕಾಲುವೆಗೆ ನೀರು ಬಿಟ್ಟಾಗ ಆಸುಪಾಸಿನ ಅಂತರ್ಜಲ ಏರುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ಏರಿಳಿಯುವ ಈ ಪಟ್ಟಿಯಲ್ಲಿ ಪೆಟ್ರೋಲ್ ಮಣ್ಣಿಗೆ ಮೆತ್ತಿಕೊಂಡು ಕೂತಿರುತ್ತದೆ. ಮೇ ತಿಂಗಳ ವರದಿ ಶುದ್ಧ ಎನ್ನಬಹುದು, ಸೆಪ್ಟೆಂಬರಿನಲ್ಲಿ ನೀರು ಮೇಲೇರಿ ಆ ಮಣ್ಣನ್ನು ತೊಯ್ಯಿಸಿದಾಗ ಬೆಂಜೀನ್ ಮತ್ತೆ ತಲೆ ಎತ್ತಬಹುದು. ಒಂದೇ ವರದಿ ನೋಡಿ ಕಡತ ಮುಚ್ಚುವುದು ನನ್ನ ಮಟ್ಟಿಗೆ ಶುದ್ಧ ಬೇಜವಾಬ್ದಾರಿ.

ಕಬ್ಬಿನ ಸೀಮೆಯವರು ತಿಳಿಯಬೇಕಾದ್ದೊಂದಿದೆ. ಕಬ್ಬಿನಿಂದಲೂ ಬರುವ ಎಥನಾಲ್ ಈಗ ಪೆಟ್ರೋಲಿಗೆ ಶೇ 20ರಷ್ಟು ಬೆರೆಯುತ್ತಿದೆ. ನೆಲದೊಳಗಿನ ಸೂಕ್ಷ್ಮಜೀವಿಗಳಿಗೆ ಅದು ಬೆಂಜೀನ್‌ಗಿಂತ ಸಲೀಸಾದ ತುತ್ತು. ಎಥನಾಲ್ ತಿನ್ನುವಾಗಲೇ ಅಲ್ಲಿನ ಆಮ್ಲಜನಕ ಖಾಲಿಯಾಗಿ, ಬೆಂಜೀನ್ ವಿಘಟನೆಯಾಗದೆ ಇನ್ನಷ್ಟು ದೂರ ಸಾಗಬಲ್ಲದು. 1995ರ ಲೆಕ್ಕಗಳನ್ನು ಹಾಗೆಯೇ ನಂಬಬಾರದು ಎನ್ನಲು ಇದೂ ಒಂದು ಕಾರಣ.

ವರದಿಯ ಅರ್ಧದಷ್ಟು ಸತ್ಯ ಅಡಗಿರುವುದು ನೀರಿನ ಮಾದರಿ ತೆಗೆಯುವ ರೀತಿಯಲ್ಲೇ. ಅಂತರ್ಜಲದ ಮೇಲೆ ಕಣ್ಣಿಡಲು ಕೊರೆದ ನಿಗಾ ಬಾವಿಯ ನೀರನ್ನು 40 ಮಿಲಿಲೀಟರಿನ ಪುಟ್ಟ ಗಾಜಿನ ಸೀಸೆಗೆ ನಿಧಾನವಾಗಿ ಇಳಿಸುತ್ತಾರೆ. ಬಾಯಿಯ ಮೇಲೆ ನೀರು ಉಬ್ಬಿ ನಿಂತಾಗ ಮುಚ್ಚಳ ತಿರುಗಿಸಿ, ಸೀಸೆ ತಲೆಕೆಳಗು ಮಾಡಿ ಬೆರಳಿನಿಂದ ತಟ್ಟುತ್ತಾರೆ. ಒಂದು ಗುಳ್ಳೆ ಕಂಡರೂ ಆ ಸೀಸೆ ಬಿಟ್ಟು ಬೇರೆ ತುಂಬುತ್ತಾರೆ, ಏಕೆಂದರೆ ಬೆಂಜೀನ್ ಗಾಳಿಗೆ ಹಾರುತ್ತದೆ. ನಂತರ ಸೀಸೆ ಹಿಮದ ಪೆಟ್ಟಿಗೆಗೆ. ತಂಪುಪಾನೀಯದ ಹಳೇ ಬಾಟಲಿಯಲ್ಲಿ ಅರ್ಧ ತುಂಬಿ ಬಸ್ಸಿನಲ್ಲಿ ಕಳಿಸಿದ ನೀರು ಎಷ್ಟೇ ಕೆಟ್ಟಿದ್ದರೂ ಸಾಕಷ್ಟು ಚೊಕ್ಕವಾಗಿ ಕಾಣುತ್ತದೆ!

ನಿಗಾ ಮುಗಿದ ಮೇಲೆ ಆ ಬಾವಿಗಳನ್ನೂ ಮುಚ್ಚಬೇಕು. ಮೇಲೊಂದು ಕಲ್ಲು ಇಟ್ಟರೆ ಸಾಲದು. ತಳದಿಂದ ಮೇಲಿನವರೆಗೆ ಸಿಮೆಂಟು ಮತ್ತು ಬೆಂಟೊನೈಟ್ ಜೇಡಿಯ ಗಾರೆ ಇಳಿಸಬೇಕು. ಇಲ್ಲದಿದ್ದರೆ ಮೇಲಿನ ಕೊಳೆ ನೇರ ಅಂತರ್ಜಲಕ್ಕೆ ಇಳಿಯಲು ನಾವೇ ದಾರಿ ಕೊಟ್ಟಂತೆ. ಬಾಯ್ದೆರೆದ ಕೊಳವೆಬಾವಿ ಏನು ಮಾಡಬಲ್ಲದೆಂದು 2017ರಲ್ಲಿ ಇದೇ ಜಿಲ್ಲೆಯ ಝುಂಜರವಾಡದಲ್ಲಿ ಮಗುವೊಂದು ಅದರೊಳಗೆ ಬಿದ್ದಾಗ ಬೇರೆ ರೀತಿಯಲ್ಲಿ ಕಂಡಿದ್ದೇವೆ.

ನಮ್ಮಲ್ಲಿ ಕಾನೂನು ತಡವಾಗಿ ಬಂತು. 2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಕಲುಷಿತ ತಾಣಗಳ ನಿರ್ವಹಣೆಗೆಂದೇ ನಿಯಮ ಹೊರಡಿಸಿತು. ಸಂಶಯವಿರುವ ಜಾಗಗಳ ಪಟ್ಟಿ ಸ್ಥಳೀಯ ಸಂಸ್ಥೆ ಅಥವಾ ಜಿಲ್ಲಾಡಳಿತದಿಂದ ಹೋಗಬೇಕು, ಪರಿಶೀಲನೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯದು, ಖರ್ಚು ಕೆಡಿಸಿದವರದು. ನಿಮ್ಮ ಬೋರಿನ ನೀರಿಗೆ ಪೆಟ್ರೋಲ್ ವಾಸನೆ ಬಂದರೆ ಕುಡಿಯುವುದನ್ನು ಅಂದೇ ನಿಲ್ಲಿಸಿ, ಪಂಚಾಯಿತಿಗೂ ಮಂಡಳಿಗೂ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಪಕ್ಕದ ಜಾಗವನ್ನು 'ಸ್ವಚ್ಛ' ಎಂದು ಘೋಷಿಸಿದ್ದರೆ, ಮಳೆಗಾಲ ಮತ್ತು ಬೇಸಿಗೆ ಎರಡರ ವರದಿಯನ್ನೂ ಕೇಳಿ ನೋಡಿ.