ಒಂದು ಹೆಂಚು, ಹದಿನಾಲ್ಕು ಹಲಗೆ

ಕಳೆದ ವರ್ಷ ಶ್ರಾವಣದಲ್ಲಿ ಅಮ್ಮ ಫೋನಿನಲ್ಲಿ ಹೇಳಿದ್ದಳು: "ಜಗಲಿ ಮುಚ್ಚಿಗೆ ಒಂದು ಕಡೆ ಕಪ್ಪಾಗಿದೆ ಕಣೋ. ಮೇಲೆ ಹೆಂಚು ಒಡೆದಿರಬೇಕು." ನಾನು ಪುಣೆಯ ಹಿಂಜವಡಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದೆ. "ದೀಪಾವಳಿಗೆ ಬಂದಾಗ ನೋಡ್ತೀನಿ" ಎಂದೆ. ದೀಪಾವಳಿ ಹೊತ್ತಿಗೆ ಪ್ರಾಜೆಕ್ಟ್ ರಿಲೀಸ್ ಬಂತು, ಹೋಗಲಿಲ್ಲ. ಈ ಬೇಸಿಗೆಯಲ್ಲಿ ಸಾಗರದ ಹತ್ತಿರದ ನಮ್ಮ ಮನೆಗೆ ಹೋದಾಗ ಹದಿನಾಲ್ಕು ಹಲಗೆಗಳು ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತಿದ್ದವು.

ಮಲೆನಾಡಿನವರಿಗೆ ಮುಚ್ಚಿಗೆ ಎಂದರೇನೆಂದು ಹೇಳಬೇಕಿಲ್ಲ. ಹೆಂಚಿನ ಮಾಡಿನ ಕೆಳಗೆ, ತೊಲೆಗಳ ಮೇಲೆ ಹಾಸಿದ ಮರದ ಚಾವಣಿ ಅದು. ಅಜ್ಜ 1962ರಲ್ಲಿ ಹಾಕಿಸಿದ್ದು ಹಲಸಿನ ಹಲಗೆ. ಒಂದು ಹಲಗೆಯ ಅಂಚಿನ ನಾಲಿಗೆ ಪಕ್ಕದ ಹಲಗೆಯ ಕೊರೆತದೊಳಗೆ ಕೂರುತ್ತದೆ. ಕೂಡುವಲ್ಲಿ ದುಂಡನೆಯ ಒಂದು ಗೆರೆ. ಅದನ್ನು ಕೊಯ್ದುಕೊಟ್ಟ ಮಿಲ್ಲು ಮುಚ್ಚಿ ಎಷ್ಟೋ ವರ್ಷಗಳಾಗಿವೆ.

ಕಂಟ್ರಾಕ್ಟರ್ ಬಂದು ನೋಡಿ, "ಎಲ್ಲಾ ಕಿತ್ತು ಪಿವಿಸಿ ಸೀಲಿಂಗ್ ಹಾಕೋಣ, ಎರಡೇ ದಿನದ ಕೆಲಸ" ಎಂದ. ತಂಗಿ ಫೋನಿನಲ್ಲಿ, "ಇಷ್ಟು ಖರ್ಚು ಯಾಕೆ? ಮುಂದೆ ಅಲ್ಲಿ ಯಾರಿರ್ತಾರೆ, ಮಾರಿಬಿಡೋಣ" ಎಂದಳು. ಅಮ್ಮ ಏನೂ ಹೇಳದೆ ಒಳಗೆ ಹೋದಳು.

ಒಂದು ತುಂಡನ್ನು ಬ್ಯಾಗಿನಲ್ಲಿಟ್ಟುಕೊಂಡು ಪುಣೆಗೆ ಬಂದೆ. ಅಂಗಡಿಗಳಲ್ಲಿ ಸಿಕ್ಕಿದ್ದು ಮಿಲಿಮೀಟರ್ ಲೆಕ್ಕದ ಪೈನ್ ಹಲಗೆ; ನಮ್ಮದು ಇಂಚಿನ ಲೆಕ್ಕ. ಭವಾನಿ ಪೇಠದ ಟಿಂಬರ್ ಮಾರ್ಕೆಟ್ಟಿನಲ್ಲಿ ಹಳೇ ವಾಡೆಗಳನ್ನು ಕೆಡವಿದ ಸಾಗುವಾನಿ ಸಿಕ್ಕಿತು. ಬಣ್ಣ ದೂರದಿಂದ ಹೊಂದುತ್ತಿತ್ತು, ಆದರೆ ಎಳೆ ಬೇರೆ, ದಪ್ಪ ಬೇರೆ. ನಮ್ಮ ಅಚ್ಚಿಗೇ ಕೊಯ್ಯಿಸೋಣವೆಂದರೆ, ಹದಿನಾಲ್ಕು ಹಲಗೆಗಾಗಿ ಕಟರ್ ಮಾಡಿಸುವ ಖರ್ಚೇ ಮರದ ಬೆಲೆಯನ್ನು ಮೀರುತ್ತಿತ್ತು.

ಕೊನೆಗೆ ದಾರಿ ತೋರಿಸಿದವರು ನಮ್ಮೂರಿನ ಹಿರಿಯ ಬಡಗಿ. ಹೊಸ ಹಲಸಿನ ಹಲಗೆಗೆ ಬಣ್ಣ ಬಳಿದು ಹೊಂದಿಸಬಹುದಲ್ಲ ಎಂದು ಕೇಳಿದೆ. ಅವರು ನಕ್ಕರು. ಹೊಸದಾಗಿ ಕೊಯ್ದ ಹಲಸು ಅರಿಶಿನದ ಹಾಗೆ ಹಳದಿ. ಗಾಳಿ, ಬೆಳಕು ತಾಗಿ ವರ್ಷಗಳಲ್ಲಿ ತಾನಾಗಿ ಕಂದಾಗುತ್ತದೆ. ಇಂದು ಬಣ್ಣ ಬಳಿದು ಸರಿಮಾಡಿದರೆ ನಾಳೆ ಒಳಗಿನ ಮರವೂ ಕಂದಾಗಿ ಆ ತೇಪೆ ಇನ್ನಷ್ಟು ಕಪ್ಪಾಗಿ ಕಾಣುತ್ತದೆ. "ಉಗ್ರಾಣದ ಮುಚ್ಚಿಗೆ ಯಾವ ಮರದ್ದು?" ಎಂದು ಕೇಳಿದರು.

ಅದು ನನಗೆ ಹೊಳೆದೇ ಇರಲಿಲ್ಲ. ಅಲ್ಲಿಯೂ ಅದೇ ಹಲಗೆ. ಅವರು ಒಂದನ್ನು ಅಳೆಯಲಿಲ್ಲ. ಎರಡೂ ಕಡೆ ಹತ್ತತ್ತು ಹಲಗೆಗಳ ಒಟ್ಟು ಅಗಲ ಹಿಡಿದು ನೋಡಿದರು. ಒಂದೊಂದರಲ್ಲಿ ಕೂದಲೆಳೆ ವ್ಯತ್ಯಾಸವಿದ್ದರೂ ಹತ್ತರಲ್ಲಿ ಅದು ಬಯಲಾಗುತ್ತದಂತೆ. ಲೆಕ್ಕ ಕೂಡಿತು.

ಮೊದಲು ಹೆಂಚು, ಕೊಳೆತ ರೀಪು ಬದಲಾದವು. ಆಮೇಲೆ ಉಗ್ರಾಣದ ಹಲಗೆ ಬಿಚ್ಚುವ ಕೆಲಸ. ಮೊಳೆ ಮೀಟಿದರೆ ಅಂಚು ಸೀಳುತ್ತದೆ. ಸಂದಿನಲ್ಲಿ ಹ್ಯಾಕ್ಸಾ ಬ್ಲೇಡ್ ತೂರಿಸಿ ಮೊಳೆಯನ್ನೇ ಕತ್ತರಿಸಿದರು. ಹಳೆಯವು ಜಗಲಿಗೆ ಬಂದವು, ಯಾರೂ ತಲೆಯೆತ್ತಿ ನೋಡದ ಉಗ್ರಾಣಕ್ಕೆ ಹೊಸ ಸಾದಾ ಹಲಗೆ ಹೋಯಿತು. ಹೊಸದನ್ನು ಬಿಗಿದು ಕೂರಿಸಬಾರದು. ಮಳೆಗಾಲದಲ್ಲಿ ಮರ ಅಡ್ಡಕ್ಕೆ ಹಿಗ್ಗುತ್ತದೆ, ಜಾಗವಿಲ್ಲದಿದ್ದರೆ ಉಬ್ಬಿ ಏಳುತ್ತದೆ. ಅದಕ್ಕೆಂದೇ ಸಣ್ಣ ಸಂದು ಬಿಟ್ಟರು.

ಕೆಲಸ ಮುಗಿದ ಸಂಜೆ ಅಮ್ಮ ಜಗಲಿಯಲ್ಲಿ ನಿಂತು ಮೇಲೆ ನೋಡಿದಳು. ನನಗೆ ಯಾವುದು ಎಲ್ಲಿಂದ ಬಂದದ್ದೆಂದು ಗೊತ್ತಾಗಲಿಲ್ಲ. ಅವಳು ಒಂದು ತೂತು ತೋರಿಸಿ, "ಇದು ಬಾಳೆಗೊನೆ ಕೊಕ್ಕೆದು. ನಿಮ್ಮಪ್ಪ ಹಾಕಿದ್ದು" ಎಂದಳು. ತಂಗಿಗೆ ಫೋಟೋ ಕಳಿಸಿದೆ. ಮಾರುವ ಮಾತು ಸದ್ಯಕ್ಕೆ ನಿಂತಿದೆ, ಮುಗಿದಿಲ್ಲ.

ಊರಲ್ಲಿ ಹಳೇ ಮನೆ ಇರುವವರಿಗೆ ನನ್ನದೊಂದು ಮಾತು. ಯಾವುದನ್ನೂ ಕಿತ್ತು ಎಸೆಯುವ ಮೊದಲು ಅಟ್ಟ, ಉಗ್ರಾಣ, ಕೊಟ್ಟಿಗೆ ಹುಡುಕಿ. ನಿಮಗೆ ಬೇಕಾದ ಹಲಗೆ ಮನೆಯಲ್ಲೇ ಇರಬಹುದು. ಮೇ ಕೊನೆಯಲ್ಲಿ ಒಂದು ದಿನವಾದರೂ ಹೋಗಿ ಹೆಂಚು ನೋಡಿಸಿ. ಫೋನಿನಲ್ಲಿ "ಊಟ ಆಯ್ತಾ" ಎಂದು ಕೇಳಿದ ಮೇಲೆ "ಎಲ್ಲಾದರೂ ಸೋರ್ತಿದೆಯಾ" ಎಂದೂ ಕೇಳಿ. ಸೋರುತ್ತಿದೆ ಎಂದರೆ ದೀಪಾವಳಿವರೆಗೆ ಕಾಯಬೇಡಿ.