ಅನಿಲ ಅಳೆಯುವ ಸೇರು

ಸಿಲಿಂಡರ್ ಮನೆಗೆ ಬಂದಾಗ ತೂಗಿ ನೋಡಬಹುದು. ಕೊಳವೆಯಲ್ಲಿ ಹರಿದು ಬರುವ ಅನಿಲವನ್ನು ಅಳೆಯುವುದು ಹೇಗೆ? 2013ರಲ್ಲಿ ದಾಭೋಳ–ಬೆಂಗಳೂರು ಕೊಳವೆ ಮಾರ್ಗ ಸಿದ್ಧವಾಯಿತು. ಮುಂದೆ ಜೆ.ಪಿ. ನಗರ, ಬಿ.ಟಿ.ಎಂ. ಲೇಔಟ್‌ಗಳಂಥ ಬಡಾವಣೆಗಳ ಅಡುಗೆಮನೆಗೂ ನೈಸರ್ಗಿಕ ಅನಿಲ ಬಂತು. ಜೊತೆಗೆ ಮೀಟರೂ ಬಂತು.

ಈ ಮೀಟರ್ ಅನಿಲವನ್ನು ಸೇರಿನಲ್ಲಿ ರಾಗಿ ಅಳೆದಂತೆ ಅಳೆಯುತ್ತದೆ. ಒಳಗಿನ ಕೋಣೆಗಳ ನಡುವೆ ತೆಳುವಾದ ಪೊರೆಗಳಿವೆ. ಒಂದು ಕೋಣೆ ತುಂಬಿದಾಗ ಪೊರೆ ಸರಿದು ಪಕ್ಕದ ಕೋಣೆ ಬರಿದಾಗುತ್ತದೆ. ಹೀಗೆ ಎಷ್ಟು ಬಾರಿ ತುಂಬಿ ಬರಿದಾಯಿತೆಂದು ಹಲ್ಲುಚಕ್ರಗಳು ಎಣಿಸುತ್ತವೆ. ಕಪ್ಪು ಅಂಕಿಗಳು ಘನಮೀಟರ್. ಕೆಂಪು ಅಂಕಿಗಳು ಅದರ ದಶಾಂಶ ಭಾಗ. ತಳ ತಗ್ಗಾದ ಸೇರಿನಂತೆ, ಪೊರೆ ಹಳತಾಗಿ ಪೆಡಸಾದರೆ ಲೆಕ್ಕ ತಪ್ಪುತ್ತದೆ. ಆದ್ದರಿಂದಲೇ ಮೀಟರನ್ನು ನಿಖರವಾದ ಮತ್ತೊಂದು ಮೀಟರಿನೊಡನೆ ಹೋಲಿಸಿ ಪರೀಕ್ಷಿಸುವುದು.

ವಿದ್ಯಾರ್ಥಿಗಳು ಹಿರಿಯರೊಡನೆ ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೂ ಒಂದಿದೆ. ಒಲೆ, ಗೀಸರ್‌ಗಳನ್ನೆಲ್ಲ ಆರಿಸಿ ಕೆಂಪು ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ಅರ್ಧ ಗಂಟೆಯ ನಂತರ ಮತ್ತೆ ನೋಡಿ. ಅಂಕಿ ಮುಂದೆ ಸರಿದಿದ್ದರೆ ಮೀಟರಿನಿಂದಾಚೆ ಎಲ್ಲೋ ಅನಿಲ ಸೋರುತ್ತಿದೆ. ವಿದ್ಯುತ್ ಸ್ವಿಚ್ ಮುಟ್ಟಬೇಡಿ. ಕವಾಟ ಮುಚ್ಚಿ, ಕಿಟಕಿ ತೆರೆದು, ಹೊರಗೆ ಬಂದು ಕಂಪನಿಗೆ ತಿಳಿಸಿ. ಅಂಕಿ ಕದಲದಿದ್ದರೂ ವಾಸನೆ ಬಂದರೆ ಇದೇ ಎಚ್ಚರ ಬೇಕು. ಅತಿ ಸಣ್ಣ ಸೋರಿಕೆಯನ್ನು ಮೀಟರಿಗಿಂತ ಮೊದಲು ಮೂಗು ಹಿಡಿಯಬಲ್ಲದು.