ಕೆರೆಯ ಕಲ್ಲಿಗಂಟಿದ ವಿಚಿತ್ರ ಜೀವಿ

ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಗೆ ಹೋದವರು ಶಕುನಗಿರಿಯ ತಪ್ಪಲಲ್ಲಿ ಹರಡಿದ ಆ ಜಲರಾಶಿಯನ್ನು ಕಂಡು ಮೈಮರೆಯುತ್ತಾರೆ. ಇಂತಹ ಕೆರೆಗಳಲ್ಲಿ ಅಂಚಿನ ಕಲ್ಲನ್ನೋ ಮುಳುಗಿದ ಕೊಂಬೆಯನ್ನೋ ಮಗುಚಿ ನೋಡುವವರು ವಿರಳ. ಸಿಹಿನೀರಿನ ಸ್ಪಂಜುಗಳು ವಾಸಿಸುವುದು ಅಂತಹ ಎಡೆಗಳಲ್ಲಿಯೇ. ಹಸುರು ಇಲ್ಲವೆ ಕಂದು ಬಣ್ಣದ ಆ ಒರಟು ಪದರವನ್ನು ಪಾಚಿಯೆಂದು ಭಾವಿಸಿ ಕೆರೆದು ಬಿಸಾಡುವುದುಂಟು. ಆದರೆ ಅದು ಸಸ್ಯವಲ್ಲ. ಸಮುದ್ರದ ಸ್ಪಂಜಿನ ದಾಯಾದಿಯಾದ ಪ್ರಾಣಿ!

ಈ ಪ್ರಾಣಿಗೆ ಬಾಯಿಯಿಲ್ಲ, ಹೊಟ್ಟೆಯಿಲ್ಲ, ಹೃದಯವಿಲ್ಲ, ನರಗಳೂ ಇಲ್ಲ. ನಮ್ಮ ದೇಹದಲ್ಲಿರುವಂತಹ ನಿಜವಾದ ಅಂಗಾಂಶಗಳು ಇದಕ್ಕಿಲ್ಲವೆಂದೇ ಶಾಸ್ತ್ರಜ್ಞರು ಹೇಳುತ್ತಾರೆ. ಹಾಗಾದರೆ ಇದು ಬದುಕುವ ಬಗೆ ಹೇಗೆ? ಮೈತುಂಬ ಇರುವ ಸೂಕ್ಷ್ಮ ರಂಧ್ರಗಳಿಂದ ನೀರು ಒಳಸೇರುತ್ತದೆ. ಒಳಗಿನ ಪುಟ್ಟ ಕೋಣೆಗಳ ಗೋಡೆಯಲ್ಲಿ ಕೊರಳಪಟ್ಟಿಯುಳ್ಳ ಜೀವಕೋಶಗಳು ಸಾಲುಗಟ್ಟಿವೆ. ಒಂದೊಂದೂ ಚಾವಟಿಯಂತಹ ಎಳೆಯನ್ನು ಬೀಸಿ ನೀರನ್ನು ಮುಂದೂಡುತ್ತದೆ. ಬ್ಯಾಕ್ಟೀರಿಯಾದಂತಹ ಕಣಗಳನ್ನು ಹಿಡಿದು ನುಂಗುತ್ತದೆ. ಸೋಸಿದ ನೀರು ದೊಡ್ಡ ರಂಧ್ರದಿಂದ ಹೊರಬೀಳುತ್ತದೆ. ಹೊರಪದರಕ್ಕೂ ಒಳಪದರಕ್ಕೂ ನಡುವಣ ಲೋಳೆಯಲ್ಲಿ ಅಲೆಯುವ ಕೋಶಗಳು ಆಹಾರವನ್ನು ಹಂಚುತ್ತವೆ; ಅಗತ್ಯ ಬಿದ್ದರೆ ಬೇರೆ ಬಗೆಯ ಕೋಶಗಳಾಗಿ ಮಾರ್ಪಡುತ್ತವೆ. ಗಾಜಿನ ಸೂಜಿಗಳಂತಹ ಸಿಲಿಕಾ ಮುಳ್ಳುಗಳೂ ಸ್ಪಂಜಿನ್ ಎಂಬ ವಸ್ತುವೂ ಮೈಗೆ ಆಧಾರ. ಹಿಂದೆ ಸ್ನಾನಕ್ಕೆ ಬಳಸುತ್ತಿದ್ದ ಸ್ಪಂಜು, ಕಡಲಿನ ಕೆಲವು ಜಾತಿಗಳ ಸ್ಪಂಜಿನ್ ನಾರಿನ ಗೂಡೇ.

1907ರಲ್ಲಿ ಅಮೆರಿಕದ ಎಚ್. ವಿ. ವಿಲ್ಸನ್ ಕಡಲಿನ ಸ್ಪಂಜೊಂದನ್ನು ನಯವಾದ ರೇಷ್ಮೆಬಟ್ಟೆಯ ಮೂಲಕ ಹಿಂಡಿ ಅದರ ಕೋಶಗಳನ್ನು ಬಿಡಿಬಿಡಿಯಾಗಿಸಿದರು. ಚದರಿದ ಕೋಶಗಳು ಮತ್ತೆ ಒಂದುಗೂಡಿ ಸ್ಪಂಜುಗಳಾಗಿ ಬೆಳೆದವು! ಭಾರತದ ಸಿಹಿನೀರಿನ ಸ್ಪಂಜುಗಳ ವಿವರಗಳನ್ನು ನೆಲ್ಸನ್ ಆನಂಡೇಲ್ 1911ರ ತಮ್ಮ ಗ್ರಂಥದಲ್ಲಿ ಸಂಗ್ರಹಿಸಿಕೊಟ್ಟರು.

ಕೆರೆಯ ಸ್ಪಂಜಿಗಾದರೋ ಮತ್ತೊಂದು ಕಠಿನ ಪರೀಕ್ಷೆಯಿದೆ. ಕಡಲು ಬತ್ತುವುದಿಲ್ಲ, ಕೆರೆಕುಂಟೆಗಳು ಬತ್ತುತ್ತವೆ. ಬೇಸಗೆಯಲ್ಲಿ ನೀರು ಇಳಿದು ಕಲ್ಲು ಒಣಗಿದಾಗ ಸ್ಪಂಜಿನ ಒಡಲು ಸಾಯುತ್ತದೆ. ಆದರೆ ಅದಕ್ಕೆ ಮೊದಲೇ, ಆಹಾರ ತುಂಬಿದ ಕೋಶಗಳನ್ನು ಅದು ಸಾಸಿವೆಗಿಂತ ಚಿಕ್ಕದಾದ, ಗಟ್ಟಿ ಕವಚದ ಗುಳಿಗೆಗಳಲ್ಲಿ ಬಚ್ಚಿಟ್ಟಿರುತ್ತದೆ. ಇವು ತಿಂಗಳುಗಟ್ಟಲೆ ಬಿಸಿಲನ್ನು ಸಹಿಸಿ ಕಾಯುತ್ತವೆ. ಮಳೆ ಬಂದು ನೀರು ತುಂಬಿದ ಮೇಲೆ ಒಳಗಿನ ಕೋಶಗಳು ಹೊರಬಂದು ಅದೇ ಕಲ್ಲಿನ ಮೇಲೆ ಹೊಸ ಮೈಯನ್ನು ಕಟ್ಟುತ್ತವೆ.

ವಾಚಕರೇ, ಮುಂದೊಮ್ಮೆ ಕೆರೆಯ ದಡಕ್ಕೆ ಹೋದಾಗ ಮಕ್ಕಳು ಪಾಚಿಯೆಂದು ಕಲ್ಲನ್ನು ಕೆರೆಯಲು ಹೊರಟರೆ ಕೊಂಚ ತಡೆಯಿರಿ. ಮಳೆಗಾಗಿ ಕಾದಿರುವ ಒಂದು ವಂಶವೇ ಅಲ್ಲಿರಬಹುದು.